ಮಾನಭಂಗ, ಮಾನಹಾನಿ

ಸ್ತ್ರೀಯ ಮೇಲಿನ ಲೈಂಗಿಕ ಹಿಂಸೆಯನ್ನು ಕನ್ನಡದಲ್ಲಿ ಮಾನಭಂಗವೆನ್ನುವುದುಂಟು. ಅದನ್ನು ಬಯಲಿಗಿಟ್ಟವಳ ಮೇಲೆ ಹೂಡುವ ಮೊಕದ್ದಮೆಗೆ ಮಾನಹಾನಿಯೆಂದು ಹೆಸರು. ಎರಡರಲ್ಲಿಯೂ ಇರುವ ಶಬ್ದವೊಂದೇ; ಮೊದಲನೆಯದು ಅವಳ ಮಾನ, ಎರಡನೆಯದು ಆರೋಪಿತನ ಮಾನ. 1948ರವರೆಗೆ ನಿಜಾಮರ ಆಳ್ವಿಕೆಗೆ ಸೇರಿದ್ದ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಸರಕಾರದ ಭಾಷೆ ಉರ್ದು. ಉರ್ದುವಿನ ನ್ಯಾಯಪರಿಭಾಷೆಯಲ್ಲಿ ಮಾನಹಾನಿಯು ‘ಇಜಾಲಾ-ಎ-ಹೈಸಿಯತ್-ಎ-ಉರ್ಫಿ’, ಎಂದರೆ ಲೋಕವಿದಿತವಾದ ಅಂತಸ್ತಿನ ನಾಶ. ನಾಲಗೆಗೆ ತೊಡಕಾದರೂ ಇದೇ ಹೆಚ್ಚು ಖಚಿತವಾದ ಪದವೆನ್ನಬೇಕು. ಕಾಯಿದೆಯು ಕಾಯುವುದು ಪರರ ಕಣ್ಣಿನಲ್ಲಿರುವ ಅಂತಸ್ತನ್ನೇ.

1860ರ ದಂಡಸಂಹಿತೆಯ 499ನೆಯ ಪ್ರಕರಣವು 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯ 356ನೆಯದಾಗಿದೆ. ಅಪವಾದಗಳು ಹಾಗೆಯೇ ಉಳಿದಿವೆ. ದೇವದುರ್ಗದ ಠಾಣೆಯಲ್ಲಿ ಸದ್ಭಾವದಿಂದ ಕೊಟ್ಟ ದೂರನ್ನು ಎಂಟನೆಯ ಅಪವಾದವು ಕಾಪಾಡುತ್ತದೆ. ಅದೇ ಮಾತನ್ನು ಅಂತರ್ಜಾಲದಲ್ಲಿ ಬರೆದವಳಿಗೆ ಆ ಆಶ್ರಯವಿಲ್ಲ. ಒಂದನೆಯ ಅಪವಾದವನ್ನು ಹಿಡಿದರೆ, ಬರೆದುದು ಸತ್ಯವೆಂದೂ ಲೋಕಹಿತಾರ್ಥವೆಂದೂ ತೋರಿಸುವ ಭಾರ ಅವಳದೇ.

ಪತ್ರಕರ್ತೆ ಪ್ರಿಯಾ ರಮಣಿಯವರ ಮೇಲೆ ಎಂ. ಜೆ. ಅಕ್ಬರರು 2018ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ದೆಹಲಿಯ ನ್ಯಾಯಾಲಯವು 2021ರ ಫೆಬ್ರುವರಿ 17ರಂದು ಆಕೆಯನ್ನು ದೋಷಮುಕ್ತಗೊಳಿಸಿತು. ದಶಕಗಳ ಬಳಿಕವೂ ತನಗೆ ಬೇಕಾದ ವೇದಿಕೆಯಲ್ಲಿ ದೂರಿಕೊಳ್ಳುವ ಹಕ್ಕು ಸ್ತ್ರೀಗುಂಟು. ಅವಳ ಜೀವಿತವನ್ನೂ ಘನತೆಯನ್ನೂ ಬಲಿಗೊಟ್ಟು ಮತ್ತೊಬ್ಬರ ಕೀರ್ತಿಯನ್ನು ರಕ್ಷಿಸಲಾಗದು ಎಂದು ಅಲ್ಲಿ ವಿಧಿಸಲಾಯಿತು. ಆ ತೀರ್ಪಿಗೆ ಮಾನ್ವಿಯ ನ್ಯಾಯಾಧೀಶರು ಬದ್ಧರಲ್ಲ. ಅಲ್ಲಿನ ವಕೀಲರು ಅದನ್ನು ಮುಂದಿಟ್ಟು ವಾದಿಸಬಹುದು, ಅಷ್ಟೆ.