ಗೋಫಾಸ್ಟ್: ಆ ವೇಗ ಯಾರದು?

ಸಮುದ್ರದ ಅಲೆಗಳ ಮೇಲೆ ಪುಟ್ಟ ಬಿಳಿ ಚುಕ್ಕೆಯೊಂದು ಧಾವಿಸುತ್ತಿದೆ. ಬೆನ್ನಟ್ಟಿದ ಕ್ಯಾಮೆರಾ ಒಂದೆರಡು ಸಲ ತಪ್ಪಿ, ಕೊನೆಗೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಪೈಲಟ್‌ಗಳು ಕೇಕೆ ಹಾಕುತ್ತಾರೆ. 2015ರಲ್ಲಿ ಅಮೆರಿಕದ ಪೂರ್ವ ಕರಾವಳಿಯಾಚೆ ನೌಕಾಪಡೆಯ ಎಫ್/ಎ-18 ಯುದ್ಧವಿಮಾನ ಚಿತ್ರಿಸಿದ ಈ ಅವಗೆಂಪು ವಿಡಿಯೊದ ಹೆಸರು ‘ಗೋಫಾಸ್ಟ್’. 2018ರಲ್ಲಿ ಅದು ಹೊರಬಂತು, 2020ರಲ್ಲಿ ಪೆಂಟಗನ್ ಅಧಿಕೃತವಾಗಿ ಬಿಡುಗಡೆ ಮಾಡಿತು. ನೀರನ್ನು ಸವರಿಕೊಂಡು ಏನೋ ಭಯಂಕರ ವೇಗದಲ್ಲಿ ಹೋಗುತ್ತಿದೆ ಎಂದೇ ನೋಡಿದವರಿಗೆ ಅನ್ನಿಸಿತು.

ಉತ್ತರ ಆ ವಿಡಿಯೊದ ಪರದೆಯ ಮೇಲೆಯೇ ಇತ್ತು. ವಿಮಾನದ ಎತ್ತರ, ಕ್ಯಾಮೆರಾ ಕೆಳಗೆ ಬಾಗಿದ ಕೋನ, ವಸ್ತುವಿಗಿರುವ ದೂರ ಎಲ್ಲವನ್ನೂ ಅದು ಕ್ಷಣಕ್ಷಣಕ್ಕೂ ತೋರಿಸುತ್ತದೆ. ವಿಮಾನ ಇದ್ದದ್ದು 25,000 ಅಡಿ, ಅಂದರೆ ಸುಮಾರು 7.6 ಕಿಲೋಮೀಟರ್ ಎತ್ತರದಲ್ಲಿ. ಕ್ಯಾಮೆರಾ ಗುರಿ ಹಿಡಿದಾಗ ಕೋನ ಸುಮಾರು 26 ಡಿಗ್ರಿ, ದೂರ 4.4 ನಾಟಿಕಲ್ ಮೈಲಿ, ಅಂದರೆ 8.1 ಕಿಲೋಮೀಟರ್. ಹೈಸ್ಕೂಲಿನ ತ್ರಿಕೋನಮಿತಿ ಸಾಕು: 26 ಡಿಗ್ರಿಯ ಸೈನ್ 0.44, ಅದನ್ನು 8.1ರಿಂದ ಗುಣಿಸಿದರೆ ಸುಮಾರು 3.6. ವಸ್ತು ವಿಮಾನಕ್ಕಿಂತ ಅಷ್ಟು ಕಿಲೋಮೀಟರ್ ಮಾತ್ರ ಕೆಳಗಿತ್ತು. ಸಮುದ್ರ ಇನ್ನೂ ನಾಲ್ಕು ಕಿಲೋಮೀಟರ್ ಆಳದಲ್ಲಿ!

ಇಷ್ಟು ತಿಳಿದರೆ ವೇಗದ ಒಗಟು ಬಿಡಿಸಿಕೊಳ್ಳುತ್ತದೆ. ಓಡುವ ರೈಲಿನಿಂದ ನೋಡಿದಾಗ ಹತ್ತಿರದ ಕಂಬ ದೂರದ ಗುಡ್ಡದೆದುರು ಹಿಂದಕ್ಕೆ ಓಡುತ್ತದಲ್ಲ, ಇದೂ ಅದೇ. ವಿಜ್ಞಾನಿಗಳು ಇದನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿದ್ದ ವಿಮಾನದ ಓಟವನ್ನೇ ಕಣ್ಣು ಚುಕ್ಕೆಯ ಲೆಕ್ಕಕ್ಕೆ ಬರೆದುಬಿಟ್ಟಿತು. 2023ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟ ನಾಸಾದ ಸ್ವತಂತ್ರ ಅಧ್ಯಯನ ತಂಡ ವಿಮಾನದ ಚಲನೆಯನ್ನು ಕಳೆದು ನೋಡಿತು: 22 ಸೆಕೆಂಡುಗಳಲ್ಲಿ ವಸ್ತು ಸರಿದದ್ದು ಸುಮಾರು 390 ಮೀಟರ್. ಗಂಟೆಗೆ 64 ಕಿಲೋಮೀಟರ್! ಆ ಎತ್ತರದಲ್ಲಿ ಗಾಳಿಯೇ ಅಷ್ಟು ವೇಗದಲ್ಲಿ ಬೀಸುವುದುಂಟು.

ಅವಗೆಂಪು ಕ್ಯಾಮೆರಾಕ್ಕೆ ಕಾಣುವುದು ಬೆಳಕಲ್ಲ, ಶಾಖ. ಬಿಸಿಯಾದದ್ದನ್ನು ಕಪ್ಪಾಗಿ ತೋರಿಸುವಂತೆ ಆಗ ಅದನ್ನು ಹೊಂದಿಸಲಾಗಿತ್ತು. ಹಾಗಾದರೆ ಬಿಳಿ ಚುಕ್ಕೆ ಹಿಂದಿನ ಸಮುದ್ರಕ್ಕಿಂತ ತಂಪು. ಎಂಜಿನ್ ಉರಿಯುತ್ತಿರುವ ಸುಳಿವೇ ಇಲ್ಲ.

ವಸ್ತು ಬಲೂನೋ, ಹಕ್ಕಿಯೋ ಎಂಬುದನ್ನು ಈ ಲೆಕ್ಕ ಹೇಳಲಾರದು. ಅಸಾಧಾರಣ ವೇಗದ ಮಾತನ್ನಂತೂ ಅದು ತಳ್ಳಿಹಾಕುತ್ತದೆ. ಇಂಥ ವಿಡಿಯೊ ಮುಂದೆ ನಿಮ್ಮ ಕೈಗೆ ಬಂದಾಗ, ಹಂಚುವ ಮೊದಲು ದೂರ ಎಷ್ಟೆಂದು ಕೇಳಿ. ಅದು ಗೊತ್ತಾಗದೆ ವೇಗದ ಬಗ್ಗೆ ಯಾರು ಏನು ಹೇಳಿದರೂ ನಂಬಬೇಡಿ.