ಬಾನಿನಿಂದ ಕಾಡಿನ ಸರ್ವೆ

2019ರ ಫೆಬ್ರುವರಿ ಕೊನೆಯ ವಾರ ಬಂಡೀಪುರ ಹೊತ್ತಿ ಉರಿದಾಗ, ಸುಟ್ಟ ಕಾಡು ಎಷ್ಟು ಎಂಬ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರವಾಗಿತ್ತು. ಹೊಗೆಯಾಡುವ ಗುಡ್ಡಗಳನ್ನು ಹತ್ತಿ ಸರಪಣಿ ಹಿಡಿದು ಅಳೆಯುವುದು ಆಗದ ಮಾತು. ಕೊನೆಗೆ ಇಸ್ರೊದ ಅಂಗಸಂಸ್ಥೆಯಾದ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳನ್ನು ಮುಂದಿಟ್ಟು ಲೆಕ್ಕ ಕೊಟ್ಟಿತು: ಸುಟ್ಟಿದ್ದು ಸುಮಾರು 4,420 ಹೆಕ್ಟೇರ್, ಎಂದರೆ 10,900 ಎಕರೆಗೂ ಮೇಲು. ಅಂದಾಜುಗಳ ಗೊಂದಲದ ನಡುವೆ ಎಲ್ಲರೂ ಕೈಯಿಟ್ಟು ತೋರಿಸಬಹುದಾದ ಒಂದು ನಕ್ಷೆ ಸಿಕ್ಕಿತು.

ಆ ನಕ್ಷೆ ಹುಟ್ಟುವ ಬಗೆಯನ್ನು ತಿಳಿಯಲು ಒಂದು ಎಲೆಯಿಂದ ಶುರುಮಾಡಬೇಕು. ಎಲೆಯಲ್ಲಿರುವ ಪತ್ರಹರಿತ್ತು ಬಿಸಿಲಿನ ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಂಡು ಆಹಾರ ತಯಾರಿಸುತ್ತದೆ. ಹಸಿರನ್ನು ಅಷ್ಟಾಗಿ ಬಳಸದೆ ಬಿಟ್ಟುಕೊಡುವುದರಿಂದ ಎಲೆ ನಮಗೆ ಹಸಿರು. ಆದರೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಎಲೆಯೊಳಗಿನ ಜೀವಕೋಶಗಳ ರಚನೆ ಬಹುಪಾಲು ಹಾಗೇ ಹಿಂದಕ್ಕೆ ಚಿಮ್ಮಿಸಿಬಿಡುತ್ತದೆ. ತುಂಬಿದ ಕಾಡು ಅವಗೆಂಪು ಕಣ್ಣಿಗೆ ಕೋರೈಸುವಷ್ಟು ಉಜ್ವಲ. ಎಲೆ ಬಾಡಿದರೆ, ಒಣಗಿದರೆ, ಸುಟ್ಟರೆ ಆ ಹೊಳಪು ಇಳಿಯುತ್ತದೆ. ಬೆಂಕಿಗೆ ಮುಂಚಿನ ಚಿತ್ರವನ್ನೂ ನಂತರದ ಚಿತ್ರವನ್ನೂ ಜೋಡಿಸಿ ನೋಡಿದರೆ ಸುಟ್ಟ ಜಾಗದ ಅಂಚು ಗೆರೆ ಎಳೆದಂತೆ ಮೂಡುವುದು ಇದರಿಂದಲೇ.

ಈ ಗುಣವನ್ನು ಒಂದೇ ಅಂಕಿಗೆ ಇಳಿಸಿದ ಸೂತ್ರ ಸರಳವಾದದ್ದು. ಅವಗೆಂಪಿನ ಅಳತೆಯಲ್ಲಿ ಕೆಂಪಿನ ಅಳತೆಯನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಬೇಕು. ವಿಜ್ಞಾನಿಗಳು ಇದನ್ನು ಎನ್‌ಡಿವಿಐ ಎನ್ನುತ್ತಾರೆ. ನೀರಿಗೆ ಬರುವ ಅಂಕಿ ಸೊನ್ನೆಗಿಂತ ಕೆಳಗೆ, ಬರಿಯ ನೆಲಕ್ಕೆ ಸೊನ್ನೆಯ ಆಸುಪಾಸು, ದಟ್ಟ ಕಾಡಿಗೆ ಒಂದರ ಹತ್ತಿರ. ಹಳ್ಳಿ, ತಾಲ್ಲೂಕು, ಖಂಡ, ಯಾವುದರ ಹಸಿರನ್ನಾದರೂ ಇದೇ ಅಳತೆಗೋಲಿನಿಂದ ವರ್ಷವರ್ಷವೂ ಅಳೆಯಬಹುದು. ಐವತ್ತು ವರ್ಷಗಳಿಂದ ಬಳಕೆಯಲ್ಲಿರುವ ಇದರ ಬದಲಿಗೆ ಹೊಸ ಸೂತ್ರಗಳು ಎಷ್ಟೋ ಬಂದವು. ಇದು ಮಾತ್ರ ಜಾಗ ಬಿಟ್ಟುಕೊಟ್ಟಿಲ್ಲ.

ಭಾರತದಲ್ಲಿ ಈ ವಿದ್ಯೆಗೆ ಶ್ರೀಕಾರ ಬಿದ್ದದ್ದು ಕೇರಳದ ತೆಂಗಿನ ತೋಟಗಳ ಮೇಲೆ. ಬೇರು ಸೊರಗು ರೋಗ ತೋಟಗಳನ್ನು ನುಂಗುತ್ತಿದ್ದಾಗ, 1970ರ ಸುಮಾರಿಗೆ ಪಿ.ಆರ್. ಪಿಷಾರೋಟಿ ಮತ್ತು ಅವರ ತಂಡ ಹೆಲಿಕಾಪ್ಟರಿನಲ್ಲಿ ಕುಳಿತು ಅವಗೆಂಪು ಫಿಲ್ಮಿನಲ್ಲಿ ತೋಟಗಳ ಚಿತ್ರ ತೆಗೆಯಿತು. ಆ ಫಿಲ್ಮಿನಲ್ಲಿ ಆರೋಗ್ಯವಂತ ಮರ ಗಾಢ ಕೆಂಪು. ರೋಗಿ ಮರದ ಬಣ್ಣವೇ ಬೇರೆ. ಇವತ್ತಿಗೂ ಪಿಷಾರೋಟಿಯವರನ್ನು ಭಾರತದ ದೂರಸಂವೇದನೆಯ ಪಿತಾಮಹ ಎಂದೇ ನೆನೆಯುತ್ತಾರೆ. ಬಂಡೀಪುರದ ಲೆಕ್ಕ ಕೊಟ್ಟ ಹೈದರಾಬಾದಿನ ಸಂಸ್ಥೆ 1974ರಲ್ಲಿ ಹುಟ್ಟಿತು. ಅಮೆರಿಕ 1972ರಲ್ಲಿ ಹಾರಿಸಿದ್ದ ಲ್ಯಾಂಡ್‌ಸ್ಯಾಟ್‌ನ ಚಿತ್ರಗಳೇ ಆಗಿನ ಆಸರೆ.

ನಮ್ಮದೇ ಕಣ್ಣು ಮೇಲೇರಿದ್ದು 1988ರ ಮಾರ್ಚ್ 17ರಂದು. ಉಡುಪಿಯ ಅದಮಾರಿನವರಾದ ಯು.ಆರ್. ರಾವ್ ಆಗ ಇಸ್ರೊ ಅಧ್ಯಕ್ಷರು. ಬೆಂಗಳೂರಿನಲ್ಲಿ ಕಟ್ಟಿದ ಐಆರ್‌ಎಸ್-1ಎ ಉಪಗ್ರಹ ಸೋವಿಯತ್ ರಾಕೆಟ್ಟಿನಲ್ಲಿ ಬೈಕನೂರಿನಿಂದ ಹೋಯಿತು. ಅದರ ಒಂದು ಕ್ಯಾಮೆರಾ ನೆಲದ ಮೇಲೆ ಬಿಡಿಸಿ ಹೇಳಬಲ್ಲ ಅತಿ ಚಿಕ್ಕ ಚೌಕ 72.5 ಮೀಟರ್ ಉದ್ದಗಲದ್ದು. ನಮ್ಮ ಪಹಣಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಎಕರೆ ಹನ್ನೆರಡು ಗುಂಟೆ. ಅಷ್ಟರೊಳಗೆ ಗದ್ದೆ, ಬಾವಿ, ನಾಲ್ಕು ಮಾವಿನ ಮರ ಏನೇ ಇದ್ದರೂ ಉಪಗ್ರಹಕ್ಕೆ ಎಲ್ಲ ಬೆರೆತ ಒಂದೇ ಬಣ್ಣ. 2003ರಿಂದ ಬಂದ ರಿಸೋರ್ಸ್‌ಸ್ಯಾಟ್ ಸರಣಿಯಲ್ಲಿ, ಕಾಡಿನ ಲೆಕ್ಕಕ್ಕೆ ಬಳಸುವ ಕ್ಯಾಮೆರಾದ ಚೌಕ ಐದೂವರೆ ಗುಂಟೆಯಷ್ಟೇ. ಯುರೋಪಿನ ಸೆಂಟಿನೆಲ್-2 ಜೋಡಿ ಉಪಗ್ರಹಗಳು ಈಗ ಐದು ದಿನಕ್ಕೊಮ್ಮೆ ಬಂದು ಗುಂಟೆ ಗುಂಟೆಯನ್ನೂ ಬಿಡಿಸಿ ನೋಡುತ್ತವೆ. ಆ ಚಿತ್ರಗಳು ಯಾರಿಗಾದರೂ ಉಚಿತ.

ಮೇಲಿನ ಕ್ಯಾಮೆರಾದ ಬಗ್ಗೆ ಎಲ್ಲರಿಗೂ ಬೆರಗು. ಕೆಳಗೆ ನಡೆಯುವ ಕೆಲಸದ ಬಗ್ಗೆ ಮಾತಾಡುವವರು ಕಡಿಮೆ. ನನ್ನ ಮಟ್ಟಿಗೆ ಈ ವಿದ್ಯೆಯ ಪ್ರಾಣ ಇರುವುದು ಅಲ್ಲಿ. ಅವಗೆಂಪನ್ನು ಕೆಂಪಾಗಿ ತೋರಿಸುವ ಉಪಗ್ರಹ ಚಿತ್ರದಲ್ಲಿ ಒಂದೇ ಛಾಯೆಯಲ್ಲಿ ಕಾಣುವ ಎರಡು ತುಂಡುಗಳಲ್ಲಿ ಒಂದು ಅಡಿಕೆ ತೋಟ, ಇನ್ನೊಂದು ಅಕೇಶಿಯಾ ನೆಡುತೋಪು ಆಗಿರಬಹುದು. ಅದನ್ನು ತೀರ್ಮಾನಿಸಲು ಜಿಪಿಎಸ್ ಹಿಡಿದ ಒಬ್ಬ ಮನುಷ್ಯ ಜೀಪಿಳಿದು, ಬೇಲಿ ದಾಟಿ, ಆ ಚೌಕದ ಮೇಲೆಯೇ ನಿಂತು, ಕಂಡದ್ದನ್ನು ಬರೆದುಕೊಳ್ಳಬೇಕು. ಇಂಥ ನೂರಾರು ಜಾಗಗಳ ಟಿಪ್ಪಣಿ ಸೇರಿದ ಮೇಲೆಯೇ ಕಂಪ್ಯೂಟರಿಗೆ ಇದು ತೋಟ, ಇದು ಕಾಡು ಎಂದು ಕಲಿಸುವುದು. ನಕ್ಷೆ ಸಿದ್ಧವಾದ ಮೇಲೆ ಬೇರೆ ಕೆಲವು ಜಾಗಗಳಿಗೆ ಹೋಗಿ ಅದು ಎಷ್ಟು ಸರಿ, ಎಲ್ಲಿ ತಪ್ಪಿದೆ ಎಂದು ಮತ್ತೆ ಪರೀಕ್ಷಿಸುತ್ತಾರೆ.

ಕಾಲದ ಅರಿವೂ ಬೇಕು. ಬಂಡೀಪುರದ ತೇಗ, ದಿಂಡಿಗ ಬೇಸಿಗೆಗೆ ಮುನ್ನ ಎಲೆ ಉದುರಿಸಿ ನಿಲ್ಲುತ್ತವೆ. ಮಾರ್ಚ್ ತಿಂಗಳ ಚಿತ್ರವನ್ನಷ್ಟೇ ನೋಡಿದವನು ಅಲ್ಲಿ ಕಾಡೇ ಇಲ್ಲ ಎಂದಾನು. ಅದಕ್ಕಾಗಿಯೇ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಮೋಡ ಸರಿದ, ಎಲೆ ಇನ್ನೂ ಉದುರದ ಅಕ್ಟೋಬರ್‌ನಿಂದ ಡಿಸೆಂಬರ್ ನಡುವಿನ ಚಿತ್ರಗಳನ್ನು ಆರಿಸಿಕೊಳ್ಳುತ್ತದೆ. ಬೆಳೆಗಳ ವಿಷಯದಲ್ಲಿ ಕಾಲ ಕಳೆದಂತೆ ಆಗುವ ಬದಲಾವಣೆಯೇ ಸಾಕ್ಷಿ ಹೇಳುತ್ತದೆ. ಮಂಡ್ಯದ ಭತ್ತದ ಗದ್ದೆ ನಾಟಿಯ ಹೊತ್ತಿಗೆ ನೀರಾಗಿ, ಆಮೇಲೆ ಹಸಿರಾಗಿ, ಕೊಯ್ಲಿಗೆ ಮಾಗಿ, ಬರಿದಾಗುತ್ತದೆ; ಪಕ್ಕದ ಕಬ್ಬು ಅಷ್ಟೂ ದಿನ ಹಸಿರಾಗಿಯೇ ಇರುತ್ತದೆ.

ಇಂಥ ಕೆಲಸಕ್ಕೆ ನಮ್ಮ ರಾಜ್ಯದ್ದೇ ಒಂದು ಮನೆ ಇದೆ: 1986ರಲ್ಲಿ ಆರಂಭವಾದ, ಬೆಂಗಳೂರಿನ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ. ಹೆಸರು ಕೇಳದವರೂ ಇದರ ಕೆಲಸವನ್ನು ಬಳಸಿರುತ್ತಾರೆ. ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್‌ನ ಹಿಂದೆ ಇರುವುದು ಈ ಕೇಂದ್ರದ ನಕ್ಷೆಗಳು. ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳ ಸುಜಲ ಜಲಾನಯನ ಯೋಜನೆಯಲ್ಲಿ ಬದು, ಚೆಕ್‌ಡ್ಯಾಮ್ ಕಟ್ಟಿದ ಮೇಲೆ ಒಣಭೂಮಿ ಹಸಿರಾಯಿತೇ ಎಂದು ಪರಿಶೀಲಿಸಿದ್ದೂ ಉಪಗ್ರಹ ಚಿತ್ರಗಳಿಂದಲೇ. ಸರ್ಕಾರಿ ಹಣದ ಕೆಲಸಕ್ಕೆ ಇದಕ್ಕಿಂತ ನೇರವಾದ ಲೆಕ್ಕತಪಾಸಣೆ ಕಾಣೆ.

ಮಲೆನಾಡಿಗೆ ಒಂದು ಕೊರತೆ ಉಳಿದೇ ಇತ್ತು. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಮುಸುಕಿದ ಆಗುಂಬೆಯನ್ನು ಯಾವ ಕ್ಯಾಮೆರಾವೂ ನೋಡಲಾರದು. ರೇಡಾರ್ ಅಲೆಗಳಿಗೆ ಮೋಡ ಅಡ್ಡಿಯಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್, ನಾಸಾ ಮತ್ತು ಇಸ್ರೊ ಕೂಡಿ ಕಟ್ಟಿದ ರೇಡಾರ್ ಉಪಗ್ರಹ. ಅದು ಹನ್ನೆರಡು ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ. ಅದರ ಉದ್ದನೆಯ ಅಲೆಗಳು ಎಲೆಚಾವಣಿ ದಾಟಿ ಕೊಂಬೆ, ಕಾಂಡಗಳನ್ನು ಮುಟ್ಟಿ ಬರುವುದರಿಂದ ಕಾಡಿನಲ್ಲಿ ಮರ ಎಷ್ಟು ತುಂಬಿದೆ ಎಂದೂ ಅಂದಾಜಿಸಬಹುದು.

ಇಷ್ಟೆಲ್ಲ ಇದ್ದೂ ಒಂದು ವಿಷಯದಲ್ಲಿ ನಾವು ಎಚ್ಚರವಾಗಿರಬೇಕು. ಅರಣ್ಯ ಸರ್ವೇಕ್ಷಣಾ ಸಂಸ್ಥೆ ಎರಡು ವರ್ಷಕ್ಕೊಮ್ಮೆ ಕೊಡುವ ಅರಣ್ಯ ವರದಿಯ ವ್ಯಾಖ್ಯೆಯ ಪ್ರಕಾರ, ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಯಾವುದೇ ಜಾಗದ ಮೇಲೆ ಮರಗಳ ಚಾವಣಿ ಶೇ 10ನ್ನು ಮುಟ್ಟಿದರೆ ಅದು ಅರಣ್ಯ ಹೊದಿಕೆ. ಯಾರ ಭೂಮಿ, ಯಾವ ಮರ ಎಂಬುದು ಲೆಕ್ಕಕ್ಕಿಲ್ಲ. 2021ರ ವರದಿ ಕರ್ನಾಟಕಕ್ಕೆ ಕೊಟ್ಟ 38,730 ಚದರ ಕಿಲೋಮೀಟರ್, ಅಂದರೆ ನೆಲದ ಶೇ 20.19, ಹೀಗೆ ಬಂದ ಅಂಕಿ. ಕೊಡಗು, ಚಿಕ್ಕಮಗಳೂರಿನ ನೆರಳು ಮರಗಳ ಕಾಫಿ ತೋಟವೂ ಇದರಲ್ಲಿದೆ, ಅಕೇಶಿಯಾ ತೋಪೂ ಇದೆ, ಶರಾವತಿ ಕಣಿವೆಯ ನಿತ್ಯಹರಿದ್ವರ್ಣದ ಕಾಡೂ ಇದೆ. ಸಿಂಗಳೀಕ ಬದುಕುವ ಅಂಥ ಕಾಡು ಕಡಿದು ಹೋಗಿ ಬೇರೆಡೆ ಅಷ್ಟೇ ವಿಸ್ತಾರದ ನೀಲಗಿರಿ ಎದ್ದರೆ ಒಟ್ಟು ಅಂಕಿ ಕದಲುವುದಿಲ್ಲ. ಇದು ಉಪಗ್ರಹದ ದೋಷವಲ್ಲ. ತೋಟವನ್ನೂ ಕಾಡನ್ನೂ ಬೇರೆ ಮಾಡಿ ತೋರಿಸುವಷ್ಟು ಚಿತ್ರಗಳೂ ವಿಧಾನಗಳೂ ಈಗ ನಮ್ಮಲ್ಲಿವೆ. ವರದಿಯ ಮುಖ್ಯ ಅಂಕಿಯಲ್ಲೇ ಎರಡನ್ನೂ ಬೇರೆಯಾಗಿ ಕೊಡಬೇಕು.

ಓದುಗರು ಮಾಡಬಹುದಾದ ಕೆಲಸವೊಂದಿದೆ. ಇಸ್ರೊದ ‘ಭುವನ್’ ಜಾಲತಾಣದಲ್ಲಿ 2005-06, 2011-12 ಮತ್ತು 2015-16ರ ಭೂಬಳಕೆ ನಕ್ಷೆಗಳು ಎಲ್ಲರಿಗೂ ತೆರೆದಿವೆ. ನಿಮ್ಮ ಊರಿನ ಗೋಮಾಳ, ಕಾನು, ಕೆರೆಯಂಗಳ ಅವುಗಳಲ್ಲಿ ಯಾವ ಬಣ್ಣದಲ್ಲಿವೆ ನೋಡಿ. ನಕ್ಷೆಯಲ್ಲಿ ಕಾಡೆಂದಿರುವ ಜಾಗ ತೋಟವೆಂದೋ, ಪಾಳು ಎಂದಿರುವುದು ದನ ಮೇಯುವ ಹುಲ್ಲುಗಾವಲೆಂದೋ ನಿಮಗೆ ಗೊತ್ತಿದ್ದರೆ, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಂದೆ ಅದನ್ನು ಎತ್ತಿ, ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಿ.