ಗಾಲ್ಫ್ ಆಟಗಾರರ ಮೊಣಕೈ ನೋವು: ಮುನ್ನೆಚ್ಚರಿಕೆ ಮತ್ತು ಚಿಕಿತ್ಸೆ

ಗಾಲ್ಫ್ ಮೈಗೆ ಪೆಟ್ಟಾಗದ, ನಿಧಾನಗತಿಯ ಆಟವೆಂಬ ನಂಬಿಕೆ ಸಾಮಾನ್ಯವಾಗಿದೆ. ಇದರಲ್ಲಿ ಓಟವಿಲ್ಲ, ಎದುರಾಳಿಯೊಡನೆ ಘರ್ಷಣೆಯಿಲ್ಲ. ಆದರೂ ಈ ಆಟವನ್ನು ವರ್ಷಗಟ್ಟಲೆ ಆಡಿದ ಅನೇಕರು ಮೊಣಕೈ ನೋವಿನಿಂದ ಬಳಲುತ್ತಾರೆ. ಮೊಣಕೈಯ ಒಂದು ಬಗೆಯ ನೋವಿಗೆ ವೈದ್ಯರು ‘ಗಾಲ್ಫರ್ಸ್ ಎಲ್ಬೊ’ ಎಂದೇ ಹೆಸರಿಟ್ಟಿದ್ದಾರೆ.

ಚೆನ್ನೈ ನಗರಕ್ಕೆ ಗಾಲ್ಫ್ ಹೊಸತಲ್ಲ. 1884ರಲ್ಲಿ ಸ್ಥಾಪನೆಯಾದ ಮದ್ರಾಸ್ ಜಿಮ್‌ಖಾನಾ ಕ್ಲಬ್ಬಿನ ಸದಸ್ಯರು ಗಿಂಡಿಯ ಕುದುರೆ ಪಂದ್ಯದ ಮೈದಾನದ ನಡುವೆ ಹಲವು ತಲೆಮಾರುಗಳ ಕಾಲ ಈ ಆಟವಾಡಿದರು. ಕಾಸ್ಮೊಪಾಲಿಟನ್ ಕ್ಲಬ್ಬು ನಂದನಂನಲ್ಲಿ ಗಾಲ್ಫ್ ಅಂಗಳವನ್ನು ಬೆಳೆಸಿತು. ಕಡಲತೀರದ ಈ ನಗರದ ಹವೆಗೂ ಕೈನೋವಿಗೂ ಸಂಬಂಧವುಂಟು. ತೇವಭರಿತ ಸೆಕೆಯಲ್ಲಿ ಅಂಗೈ ಬೆವರಿ ಕೋಲು ಜಾರುತ್ತದೆ. ಜಾರದಿರಲೆಂದು ಆಟಗಾರ ಅದನ್ನು ಮತ್ತಷ್ಟು ಬಿಗಿಯಾಗಿ ಹಿಡಿಯುತ್ತಾನೆ. ಈ ಬಿಗಿ ಹಿಡಿತದ ಭಾರವೆಲ್ಲ ಮೊಣಕೈಯ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿ ಗಟ್ಟಿಯಾದಾಗ ಕೋಲು ನೆಲಕ್ಕೆ ಬಡಿದರೆ ಅದರ ಅದಿರು ನೇರವಾಗಿ ತೋಳಿಗೆ ಏರುತ್ತದೆ.

ನೋವಿನ ಮೂಲ

ಅಂಗೈಯನ್ನು ಮೇಲ್ಮುಖವಾಗಿ ಚಾಚಿದಾಗ ಮೊಣಕೈಯ ಒಳಮಗ್ಗುಲಲ್ಲಿ ಮೂಳೆಯ ಗಂಟೊಂದು ಬೆರಳಿಗೆ ತಗಲುತ್ತದೆ. ಮಣಿಕಟ್ಟನ್ನು ಅಂಗೈಯ ಕಡೆಗೆ ಮಡಿಸುವ ಸ್ನಾಯುಗಳು ಸ್ನಾಯುರಜ್ಜುವಿನ ಮೂಲಕ ಈ ಗಂಟಿಗೆ ಅಂಟಿಕೊಂಡಿವೆ. ಇಲ್ಲಿ ಉಂಟಾಗುವ ನೋವೇ ‘ಗಾಲ್ಫರ್ಸ್ ಎಲ್ಬೊ’. ಮೊಣಕೈಯ ಹೊರಮಗ್ಗುಲಿನ ಗಂಟಿನಲ್ಲಿ ಕಾಣಿಸುವ ನೋವಿಗೆ ‘ಟೆನಿಸ್ ಎಲ್ಬೊ’ ಎಂದು ಹೆಸರು. ಬಲಗೈ ಆಟಗಾರರಲ್ಲಿ ಬಲ ಮೊಣಕೈಯ ಒಳಮಗ್ಗುಲು ಮತ್ತು ಎಡ ಮೊಣಕೈಯ ಹೊರಮಗ್ಗುಲು ಹೆಚ್ಚಾಗಿ ನೋಯುತ್ತವೆ. ಕ್ರಿಕೆಟ್ ಆಟಗಾರ ಸಚಿನ್ ತೆಂಡೂಲ್ಕರ್ ಅವರು ಟೆನಿಸ್ ಎಲ್ಬೊಗಾಗಿ 2005ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಈ ಹೆಸರು ನಮ್ಮ ದೇಶದ ಮನೆಮಾತಾಯಿತು.

ಈ ನೋವನ್ನು ಹಿಂದೆ ಉರಿಯೂತವೆಂದು ಬಗೆಯಲಾಗುತ್ತಿತ್ತು. ಆದರೆ ದೀರ್ಘಕಾಲದ ನೋವಿನಲ್ಲಿ ಉರಿಯೂತಕ್ಕಿಂತ ಸ್ನಾಯುರಜ್ಜುವಿನ ಸವೆತವೇ ಪ್ರಧಾನವೆಂದು ಈಗ ತಿಳಿದುಬಂದಿದೆ. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದಾಗ ರಜ್ಜುವಿನ ಎಳೆಗಳಲ್ಲಿ ಸಣ್ಣ ಸಣ್ಣ ಬಿರುಕುಗಳು ಉಂಟಾಗುತ್ತವೆ. ಅವು ಮಾಗುವ ಮೊದಲೇ ಪುನಃ ಭಾರ ಬಿದ್ದರೆ ರಜ್ಜು ದುರ್ಬಲವಾಗುತ್ತದೆ. ನಲವತ್ತು ದಾಟಿದವರಲ್ಲಿ ಮತ್ತು ಧೂಮಪಾನಿಗಳಲ್ಲಿ ಈ ತೊಂದರೆ ಹೆಚ್ಚು.

ಈ ನೋವು ಆಟಗಾರರಿಗೆ ಮಾತ್ರ ಮೀಸಲಾದುದಲ್ಲ. ಗಾಲ್ಫ್ ಕೋಲನ್ನು ಕಣ್ಣಿನಿಂದಲೂ ಕಾಣದ ಬಡಗಿ, ಗಾರೆ ಕೆಲಸಗಾರ, ದರ್ಜಿ, ದಿನವೂ ಒದ್ದೆ ಬಟ್ಟೆ ಹಿಂಡುವ ಗೃಹಿಣಿ, ಕೈಪಂಪು ಒತ್ತಿ ಕೊಡ ಹೊರುವ ಮಹಿಳೆ ಇವರೆಲ್ಲರೂ ಇದಕ್ಕೆ ತುತ್ತಾಗಬಹುದು. ಆಟಗಾರ ಒಂದು ತಿಂಗಳು ಆಟ ಬಿಟ್ಟರೆ ಅವನಿಗೆ ನಷ್ಟವಿಲ್ಲ. ಕೂಲಿಕಾರ ಒಂದು ವಾರ ಕೆಲಸ ಬಿಟ್ಟರೆ ಮನೆಯ ಒಲೆ ಉರಿಯುವುದು ಕಷ್ಟ. ಆದುದರಿಂದ ನೋವು ಬಲಿಯುವ ಮೊದಲೇ ಎಚ್ಚರ ವಹಿಸುವುದು ಇಂಥವರಿಗೆ ಇನ್ನೂ ಅಗತ್ಯ.

ಮುನ್ನೆಚ್ಚರಿಕೆ

ಆಟಕ್ಕೆ ಮೊದಲು ಹತ್ತು ನಿಮಿಷ ನಡೆದು, ಭುಜ, ಸೊಂಟ ಮತ್ತು ಮಣಿಕಟ್ಟುಗಳನ್ನು ಸಡಿಲಗೊಳಿಸಬೇಕು. ಮೊದಲ ಹೊಡೆತಗಳು ಹಗುರವಾಗಿರಲಿ. ಕೋಲನ್ನು ಜಾರದಿರುವಷ್ಟು ಮಾತ್ರ ಹಿಡಿಯಬೇಕು. ಬೆವರೊರೆಸಲು ಒಣ ಬಟ್ಟೆಯನ್ನೂ ಕೈಗವಸನ್ನೂ ಬಳಸುವುದು ಲೇಸು. ಹಿಡಿ ಸವೆದು ನುಣುಪಾಗಿದ್ದರೆ ಅದನ್ನು ಬದಲಿಸಬೇಕು. ಹೊಡೆತದ ಬಲವು ಸೊಂಟ ಮತ್ತು ಬೆನ್ನಿನ ತಿರುಗುವಿಕೆಯಿಂದ ಬರಬೇಕೇ ಹೊರತು ಕೇವಲ ತೋಳಿನಿಂದಲ್ಲ. ಇದನ್ನು ಅನುಭವಿ ತರಬೇತುದಾರರಿಂದ ಕಲಿಯುವುದು ಉತ್ತಮ. ಗಟ್ಟಿ ಚಾಪೆಯ ಮೇಲೆ ಒಂದೇ ದಿನ ನೂರಾರು ಚೆಂಡುಗಳನ್ನು ಹೊಡೆಯುವ ಅಭ್ಯಾಸವನ್ನು ಬಿಡಬೇಕು. ಬಹುದಿನಗಳ ಬಿಡುವಿನ ನಂತರ ಆಟಕ್ಕೆ ಮರಳುವವರು ಹೊಡೆತಗಳ ಸಂಖ್ಯೆಯನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು.

ದುಡಿಯುವವರು ಉಪಕರಣಗಳ ಹಿಡಿಗೆ ಬಟ್ಟೆ ಅಥವಾ ರಬ್ಬರ್ ಸುತ್ತಿ ದಪ್ಪವಾಗಿಸಿಕೊಳ್ಳಬಹುದು. ಭಾರವನ್ನು ಎರಡೂ ಕೈಗಳಿಂದ, ಮೈಗೆ ಹತ್ತಿರವಾಗಿ ಎತ್ತಬೇಕು. ನಡುನಡುವೆ ಕೆಲಸ ಬದಲಿಸುವುದರಿಂದಲೂ ರಜ್ಜುವಿಗೆ ಬಿಡುವು ದೊರೆಯುತ್ತದೆ.

ಚಿಕಿತ್ಸೆ

ನೋವು ಕಾಣಿಸಿದೊಡನೆ ನೋವು ತರುವ ಚಲನೆಯನ್ನು ಕಡಿಮೆ ಮಾಡಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ಉಪಶಮನವಾಗುತ್ತದೆ. ನೋವು ನಿವಾರಕ ಗುಳಿಗೆಗಳನ್ನು ವೈದ್ಯರ ಸಲಹೆಯಂತೆ ಕೆಲದಿನ ಮಾತ್ರ ಸೇವಿಸಬೇಕು. ಮೂತ್ರಪಿಂಡದ ತೊಂದರೆ, ಜಠರದ ಹುಣ್ಣು ಅಥವಾ ರಕ್ತದೊತ್ತಡ ಇರುವವರಿಗೆ ಅವುಗಳಿಂದ ಅಪಾಯವುಂಟು. ಕೈಯನ್ನು ವಾರಗಟ್ಟಲೆ ಕಟ್ಟಿಹಾಕುವುದೂ ಸರಿಯಲ್ಲ. ಭಾರವೇ ಬೀಳದ ರಜ್ಜು ಬಲಗುಂದುತ್ತದೆ.

ರಜ್ಜುವನ್ನು ಬಲಪಡಿಸುವ ಮುಖ್ಯ ಉಪಾಯ ಕ್ರಮಬದ್ಧ ವ್ಯಾಯಾಮ. ಮುಂದೋಳನ್ನು ಮೇಜಿನ ಮೇಲಿಟ್ಟು, ಮಣಿಕಟ್ಟು ಅಂಚಿನಿಂದ ಹೊರಚಾಚುವಂತೆ ಕುಳಿತು, ಅರ್ಧ ಲೀಟರ್ ನೀರಿನ ಬಾಟಲಿಯನ್ನು ಹಿಡಿಯಬೇಕು. ಒಳಮಗ್ಗುಲಿನ ನೋವಿಗೆ ಅಂಗೈ ಮೇಲ್ಮುಖವಾಗಿರಲಿ. ಹೊರಮಗ್ಗುಲಿನ ನೋವಿಗೆ ಕೆಳಮುಖವಾಗಿರಲಿ. ಇನ್ನೊಂದು ಕೈಯ ಸಹಾಯದಿಂದ ಬಾಟಲಿಯನ್ನು ಮೇಲಕ್ಕೆತ್ತಿ, ಐದು ಎಣಿಸುವಷ್ಟು ಕಾಲ ನಿಧಾನವಾಗಿ ಇಳಿಸಬೇಕು. ಹೀಗೆ ಹತ್ತರಿಂದ ಹದಿನೈದು ಬಾರಿಯ ಮೂರು ಸುತ್ತುಗಳನ್ನು ಮಾಡಬೇಕು. ಅಲ್ಪ ನೋವು ಸಹಜ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚಿದ್ದರೆ ಭಾರವನ್ನು ಕಡಿಮೆ ಮಾಡಬೇಕು. ಫಲ ಕಾಣಲು ಕೆಲವು ವಾರಗಳಿಂದ ಕೆಲವು ತಿಂಗಳುಗಳೇ ಬೇಕಾಗಬಹುದು.

ಈ ತಾಳ್ಮೆ ಇಲ್ಲದವರು ಸ್ಟಿರಾಯ್ಡ್ ಚುಚ್ಚುಮದ್ದನ್ನು ಬಯಸುವುದುಂಟು. ಅದರಿಂದ ಕೆಲವು ವಾರ ನೋವು ಶಮನವಾಗುವುದು ನಿಜ. ಆದರೆ ಆಸ್ಟ್ರೇಲಿಯಾದಲ್ಲಿ ಟೆನಿಸ್ ಎಲ್ಬೊ ಇದ್ದ 165 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಟಿರಾಯ್ಡ್ ಪಡೆದವರ ಪೈಕಿ ಶೇಕಡಾ 54ರಷ್ಟು ಜನರಿಗೆ ಒಂದು ವರ್ಷದೊಳಗೆ ನೋವು ಮರುಕಳಿಸಿತು. ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಈ ಪ್ರಮಾಣ ಶೇಕಡಾ 12 ಮಾತ್ರ. ಮಧುಮೇಹಿಗಳಲ್ಲಿ ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಆದುದರಿಂದ ಬೇಗ ನೋವು ಹೋಗುವುದೂ ರಜ್ಜು ಗುಣವಾಗುವುದೂ ಒಂದೇ ಅಲ್ಲವೆಂಬುದನ್ನು ಮನಗಾಣಬೇಕು. ಶಸ್ತ್ರಚಿಕಿತ್ಸೆ ಅಗತ್ಯವಾಗುವುದು ಕೆಲವರಿಗೆ ಮಾತ್ರ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಬಿದ್ದ ನಂತರ ಮೊಣಕೈ ಊದಿಕೊಂಡರೆ, ಕೈ ನೆಟ್ಟಗಾಗದಿದ್ದರೆ, ಜ್ವರದೊಡನೆ ಕೀಲು ಕೆಂಪಾದರೆ, ಕಿರುಬೆರಳು ಮತ್ತು ಉಂಗುರ ಬೆರಳುಗಳಲ್ಲಿ ಜೋಮು ಹಿಡಿದರೆ ತಡಮಾಡಬಾರದು. ಎದೆ ಬಿಗಿತ, ಬೆವರು ಅಥವಾ ಏದುಸಿರಿನೊಡನೆ ತೋಳು ನೋಯುವುದು ಹೃದಯಾಘಾತದ ಲಕ್ಷಣವಾಗಿರಬಹುದು. ಕೂಡಲೇ 108ಕ್ಕೆ ಕರೆ ಮಾಡಬೇಕು. ಚೆನ್ನೈನಲ್ಲಿ ರಾಜೀವ್ ಗಾಂಧಿ ಸರ್ಕಾರಿ ಸಾರ್ವಜನಿಕ ಆಸ್ಪತ್ರೆಯ ಮೂಳೆ ಚಿಕಿತ್ಸಾ ವಿಭಾಗದಲ್ಲಿಯೂ ಕೆ.ಕೆ. ನಗರದ ಸರ್ಕಾರಿ ಪುನರ್ವಸತಿ ವೈದ್ಯಕೀಯ ಸಂಸ್ಥೆಯಲ್ಲಿಯೂ ಸಲಹೆ ಪಡೆಯಬಹುದು.

ಬಹುಪಾಲು ರೋಗಿಗಳು ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ಗುಣಮುಖರಾಗುತ್ತಾರೆ. ಹಗುರ ಹಿಡಿತ, ಹಿತಮಿತವಾದ ಆಟ ಮತ್ತು ತಾಳ್ಮೆಯ ವ್ಯಾಯಾಮ ಇವನ್ನು ರೂಢಿಸಿಕೊಂಡವರಿಗೆ ಆಟವೂ ದುಡಿಮೆಯೂ ಬಹುಕಾಲ ಕೈಗೂಡುತ್ತವೆ.